ವಲ್ಲೆ ಎಂದವರ ಕೈಗೆ ಹುಟ್ಟು

ಕೆಲವರಿಗೆ ಮಾತಿನ ನಡುವೆ ಕೆಮ್ಮುವ ಅಭ್ಯಾಸವಿರುತ್ತದೆ, ಕೆಲವರಿಗೆ ಗಡಿಯಾರ ನೋಡುವ ಅಭ್ಯಾಸ. ನಮ್ಮ ಮನೆಯವರಿಗೆ ‘ಒಲ್ಲೆ’ ಎನ್ನುವ ಅಭ್ಯಾಸ. ನಾವು ಕಲಬುರಗಿ ಕಡೆಯವರಾದ್ದರಿಂದ ಅದು ಅವರ ಬಾಯಿಂದ ‘ವಲ್ಲೆ’ ಎಂದು ಹೊರಬೀಳುತ್ತದೆ. ಸ್ವೆಟರ್ ಕೊಟ್ಟರೆ ವಲ್ಲೆ, ಸಿನಿಮಾ ಎಂದರೆ ವಲ್ಲೆ. ಮತ್ತೊಂದು ಹೋಳಿಗೆ ಬಡಿಸಲು ಹೋದಾಗಲೂ ವಲ್ಲೆಯೇ, ಆದರೆ ಆಗ ತಟ್ಟೆ ಮಾತ್ರ ಹಿಂದೆ ಸರಿಯುವುದಿಲ್ಲ. ಮದುವೆಯಾಗಿ ಪುಣೆಗೆ ಬಂದಾಗಿನಿಂದ ನಮ್ಮ ಪ್ರವಾಸವೆಂದರೆ ಬಿಬವೇವಾಡಿಯ ಮನೆಯಿಂದ ಖಡಕಿಯಲ್ಲಿರುವ ನಾದಿನಿಯ ಮನೆಗೆ ಹೋಗಿ, ಚಹಾ ಕುಡಿದು, ಅವಳ ಮೊಣಕಾಲು ನೋವಿನ ವಿಚಾರ ಕೇಳಿಕೊಂಡು ಬರುವುದು. ಅದನ್ನು ಅವರು ಔಟಿಂಗ್ ಎಂದು ಕರೆಯುತ್ತಾರೆ.

ಈ ಸಲ ನಾನು ಹಟ ಹಿಡಿದೆ. ತಾಮ್ಹಿಣಿ ಘಾಟ್ ಇಳಿದರೆ ನದಿಯ ದಂಡೆಯಲ್ಲೊಂದು ಸಣ್ಣ ಊರಿದೆ. ಹಿಂದೆ ಬಸ್ಸುಗಳು ಚಹಾಕ್ಕೆಂದಷ್ಟೇ ನಿಲ್ಲುತ್ತಿದ್ದ ಆ ಊರಿನಲ್ಲಿ ಈಗ ವಡಾಪಾವ್ ಅಂಗಡಿಯವನೂ ಬಾಗಿಲಿಗೆ ಲೈಫ್ ಜಾಕೆಟ್ ತೂಗುಹಾಕಿದ್ದಾನೆ. ಬೆಳಗ್ಗೆ ಅಣೆಕಟ್ಟಿನ ನೀರು ಬಿಟ್ಟರೆ ಸಾಕು, ಅದರ ಬೆನ್ನಿಗೇ ರಬ್ಬರ್ ದೋಣಿಗಳು ಹೊರಡುತ್ತವೆ. ನಮ್ಮ ಮೇಲಿನ ಮನೆಯ ಮೈಸೂರಿನ ಹುಡುಗಿ ಫೋಟೋ ತೋರಿಸಿ, ಸಖತ್ ಥ್ರಿಲ್ ಆಂಟಿ, ಅಂಕಲ್‌ನ ಹೇಗಾದ್ರೂ ಒಪ್ಪಿಸಿ ಎಂದಿದ್ದಳು. ನನಗೂ ಒಮ್ಮೆಯಾದರೂ ಇವರ ಜೊತೆ, ನೆಂಟರ ಮನೆಯೇ ಇಲ್ಲದ ಊರಿಗೆ ಹೋಗಬೇಕೆಂಬ ಆಸೆ. ಆಸೆಯೇನು, ಹಸಿವೇ ಅನ್ನಿ. ಬರೀ ಹೊಳೆ ನೋಡಿಕೊಂಡು ಬರೋಣ ಎಂದು ಹೇಳಿ ಹೊರಡಿಸಿದೆ. ಲೈಫ್ ಜಾಕೆಟ್ ತೊಡಿಸುವಾಗಲೂ, ದಂಡೆಯಲ್ಲಿ ನಿಲ್ಲುವವರೂ ಹಾಕಿಕೊಳ್ಳಬೇಕಂತೆ ಎಂದು ನಂಬಿಸಿದೆ.

ಗೈಡ್, ‘ದೋಣಿ ಹತ್ತಿ’ ಎಂದಾಗ ಅವರಿಗೆ ನನ್ನ ಹುನ್ನಾರ ಗೊತ್ತಾಯಿತು. ಚಾಕಣದ ಕಾರ್ಖಾನೆಯಲ್ಲಿ ದಿನವಿಡೀ ಮರಾಠಿ ಮಾತಾಡುವ ಮನುಷ್ಯನಿಗೆ ಆ ನೊರೆ ಕಂಡದ್ದೇ ತಡ, ಮರಾಠಿಯೆಲ್ಲ ಮರೆತುಹೋಯಿತು.

“ವಲ್ಲೆ, ನಾ ವಲ್ಲೆ,” ಎಂದು ಎರಡೂ ಕೈ ಮುಂದೆ ಚಾಚಿದರು.

ಮರಾಠಿಯಲ್ಲಿ ದೋಣಿಯ ಹುಟ್ಟಿಗೆ ‘ವಲ್ಹೆ’ ಎನ್ನುತ್ತಾರೆಂಬುದು ನನಗೆ ತಿಳಿದದ್ದು ಆಗಲೇ. ತಾನಾಗಿಯೇ ಹುಟ್ಟು ಕೇಳುವ ಗಿರಾಕಿ ಆ ಗೈಡ್‌ಗೆ ಅಪರೂಪವಿರಬೇಕು.

“ವಾ ಕಾಕಾ, ವಲ್ಹೆ ಪಾಹಿಜೆ? ಹೇ ಘ್ಯಾ, ಪುಢೇ ಬಸಾ,” ಎಂದು ಚಾಚಿದ ಕೈಗೇ ಹುಟ್ಟು ಕೊಟ್ಟು, ಎಲ್ಲರಿಗಿಂತ ಮುಂದೆ ಕೂರಿಸಿದ. ದೋಣಿಯಲ್ಲಿದ್ದ ಕಾಲೇಜು ಹುಡುಗಿಯರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ಹುಟ್ಟು ವಾಪಸು ಕೊಡುವ ಗಂಡಸನ್ನು ನಾನಂತೂ ಕಂಡಿಲ್ಲ.

ಮೊದಲ ಸುಳಿ ಬಂದಾಗ ಇವರು ಜೀವಭಯದಿಂದ ವಲ್ಲೆ ಎಂದು ಕೂಗಿದರು. ಕಾಕಾ ಹೇಳಿದ ಹಾಗೆ ಹುಟ್ಟು ಹಾಕಿ ಎಂದು ಗೈಡ್ ಉಳಿದವರನ್ನು ಹುರಿದುಂಬಿಸಿದ. ದೋಣಿಗೆ ದೋಣಿಯೇ ಆ ಮಾತನ್ನು ಹಿಡಿದು ಕೂಗತೊಡಗಿತು. ಎಲ್ಲೋ ನಡುನೀರಿನಲ್ಲಿ ಇವರ ದನಿಯಲ್ಲಿದ್ದ ಹೆದರಿಕೆ ಹೋಗಿ ಅಪ್ಪಣೆ ಸೇರಿಕೊಂಡಿತ್ತು. ಇದನ್ನೆಲ್ಲ ನಾನು ನೋಡಲಿಲ್ಲ, ಕೇಳಿಸಿಕೊಂಡೆ ಅಷ್ಟೇ. ಇಷ್ಟೆಲ್ಲ ಹಟ ಹಿಡಿದ ನಾನು ದೋಣಿಯ ತಳದಲ್ಲಿ ಹಗ್ಗ ತಬ್ಬಿಕೊಂಡು, ಕಣ್ಣು ಮುಚ್ಚಿ, ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊರುತ್ತಿದ್ದೆ. ದಡ ಮುಟ್ಟಿದ ಮೇಲೆ ಕಣ್ಣು ಬಿಟ್ಟರೆ ಇವರು ಮುಖ ತುಂಬ ನಗುತ್ತಿದ್ದರು. ಅಂಥ ನಗುವನ್ನು ನಮ್ಮ ಮದುವೆಯ ಫೋಟೋದಲ್ಲೂ ನಾನು ಕಂಡಿಲ್ಲ. ಸಂತೋಷಕ್ಕೆ ನನಗೆ ಕೆಮ್ಮು ಹತ್ತಿತು. ಕುಡಿದ ಹೊಳೆನೀರೂ ಸ್ವಲ್ಪ ಕಾರಣವಿರಬಹುದು.

ನಂತರದ ಭಾನುವಾರ ನಸುಕಿನಲ್ಲೇ ಅವರು ಅರ್ಧ ಚಡ್ಡಿ ತೊಟ್ಟು ನನ್ನ ಮಂಚದ ಬಳಿ ನಿಂತಿದ್ದರು. ನೀರು ಬಿಡುವ ಹೊತ್ತಿಗೆ ಅಲ್ಲಿರಬೇಕಂತೆ. ನನ್ನ ಮೈಕೈ ನೋವೇ ಇನ್ನೂ ಇಳಿದಿರಲಿಲ್ಲ, ಹೆದರಿಕೆಯ ಮಾತು ಹಾಗಿರಲಿ. ಹೊದಿಕೆಯೊಳಗಿಂದಲೇ, “ನಾ ವಲ್ಲೆ ರೀ,” ಎಂದೆ.

ನಮ್ಮ ಮನೆಯವರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ.

“ಶಾಬ್ಬಾಸ್,” ಎಂದು ಹೊದಿಕೆ ಎಳೆದರು. “ಹಂಗಾದ್ರ ಈ ಸಲ ಮುಂದ ನೀನ ಕೂಡು.”