ಋಣ ತೀರಿಸಲು ಹೊರಟವಳ ಲೈಸೆನ್ಸ್

ಯಾರ ಉಪಕಾರವನ್ನೂ ಹಾಗೇ ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ. ಪಡೆದದ್ದನ್ನು ಅಂದೇ ತೀರಿಸದಿದ್ದರೆ ಊಟ ಸೇರುವುದಿಲ್ಲ. ಈ ಸ್ವಭಾವ ಇಟ್ಟುಕೊಂಡು ಅಮೆರಿಕದ ಕ್ಯಾರಿ ಊರಿಗೆ ಬಂದಮೇಲೆ ಒಂದಲ್ಲ ಒಂದು ಎಡವಟ್ಟು ಆಗುತ್ತಲೇ ಇದೆ. ಮೈಸೂರಿನಲ್ಲಿ ಈ ಬಾಧೆ ಇರಲಿಲ್ಲ, ಅಲ್ಲಿ ಆಟೋ ಇತ್ತು. ಇಲ್ಲಿ ಕಾರು ಓಡಿಸಲು ಬಾರದವಳು ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಇನ್ನೊಬ್ಬರ ಕಾರಿನಲ್ಲಿ ಕೂರಬೇಕು.

ಜನ ಆಗಷ್ಟೇ ಮಾಸ್ಕ್ ತೆಗೆಯಲು ಧೈರ್ಯ ಮಾಡುತ್ತಿದ್ದ ಕಾಲ. ವರ್ಷಗಟ್ಟಲೆ ಕಾದಮೇಲೆ ನನಗೆ ವರ್ಕ್ ಪರ್ಮಿಟ್ ಬಂದಿತ್ತು. ಒಂದು ಪ್ರೀಸ್ಕೂಲಿನವರು ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನೂ ಕೊಟ್ಟರು. ಷರತ್ತು ಒಂದೇ: ಆಗಸ್ಟ್ ಮೊದಲ ಸೋಮವಾರದೊಳಗೆ ಡ್ರೈವಿಂಗ್ ಲೈಸೆನ್ಸ್ ಇರಬೇಕು. ಇಲ್ಲದಿದ್ದರೆ ಕೆಲಸ ಇನ್ನೊಬ್ಬರಿಗೆ. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದರೆ, ಮೊದಲ ದಿನ ಉಡಬೇಕಾದ ಬಟ್ಟೆಗೆ ಆಗಲೇ ಇಸ್ತ್ರಿ ಮಾಡಿಟ್ಟಿದ್ದೆ.

೧. ಮಿಠಾಯಿಯ ಸವಾರಿ

ಪಕ್ಕದ ಮನೆಯಲ್ಲಿ ಕೊಲಂಬಿಯಾ ದೇಶದ ಒಬ್ಬ ಹೆಂಗಸು ಇದ್ದರು. ಶಾಲೆಯಲ್ಲಿ ಸ್ಪಾನಿಷ್ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ಅವರು 'ಟೀಚರ್'. ಒಂದು ದಿನ ನಾನು ಬಿಸಿಲಿನಲ್ಲಿ ಅಕ್ಕಿ ಚೀಲ ಹೊತ್ತು ನಡೆದು ಬರುವುದನ್ನು ಕಂಡು, ಕಾರು ನಿಲ್ಲಿಸಿ ಹತ್ತಿಸಿಕೊಂಡರು. ಮಾರನೆಯ ದಿನವೇ ಒಂದು ಡಬ್ಬಿ ತುಂಬ ಕೇಸರಿಬಾತ್ ಕಳಿಸಿದೆ.

ಡಬ್ಬಿ ಕೇಕ್ ತುಂಬಿಕೊಂಡು ವಾಪಸ್ ಬಂತು. ಬಂದ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅವರಲ್ಲೂ ಇಲ್ಲವಂತೆ. ಹೀಗಾಗಿ ಡಬ್ಬಿಗೆ ಬೇಸಿಗೆ ಪೂರ್ತಿ ಪುರುಸೊತ್ತು ಸಿಗಲಿಲ್ಲ. ನಾವು ಮೊಟ್ಟೆ ತಿನ್ನುವುದಿಲ್ಲ. ಅದನ್ನು ಅವರಿಗೆ ಹೇಳುವುದು ಹೇಗೆ? ಬಂದ ಕೇಕನ್ನೆಲ್ಲ ಎದುರುಮನೆಯ ಮಂಗಳೂರು ಆಂಟಿಗೆ ದಾಟಿಸುತ್ತಿದ್ದೆ.

ಒಂದು ಸಂಜೆ ಆಂಟಿ ಬಾಗಿಲು ತಟ್ಟಿದರು. "ಎಂತ ಮಾರಾಯ್ರೆ, ದಿನಾ ಕೇಕ್ ಕೊಡ್ತೀರಿ. ನಿಮ್ಮ ತಟ್ಟೆ ಖಾಲಿ ಕೊಡ್ಲಿಕ್ಕೆ ಆಗ್ತದಾ?" ಎಂದು ತಟ್ಟೆ ಕೊಟ್ಟು ಹೋದರು. ತೆರೆದು ನೋಡಿದರೆ, ಹಿಂದಿನ ದಿನ ನಾನೇ ಟೀಚರಿಗೆ ಕಳಿಸಿದ್ದ ಕೊಬ್ಬರಿ ಮಿಠಾಯಿ. ಟೀಚರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಆಮೇಲೆ ತಿಳಿಯಿತು. ನಾನು ಕಳಿಸಿದ್ದೆಲ್ಲ ನನ್ನ ಕಣ್ಣು ತಪ್ಪಿಸಿ ಆಂಟಿಯ ಮನೆ ಸೇರುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಒಂದು ತುಂಡು ಬಾಯಿಗೆ ಹಾಕಿಕೊಂಡರು. "ಆಹಾ! ಇದು ನೋಡು ಕೊಬ್ಬರಿ ಮಿಠಾಯಿ ಅಂದ್ರೆ. ನೀನೂ ಮಾಡ್ತೀಯ, ಕಲ್ಲು ಥರ. ಹೋಗಿ ಆಂಟಿ ಹತ್ರ ಸ್ವಲ್ಪ ಕಲಿತ್ಕೊಂಡು ಬಾ."

೨. ಯೋಗಗುರು

ನನಗೆ ಡ್ರೈವಿಂಗ್ ಕಲಿಸುವ ಹೊಣೆಯನ್ನು ಮೊದಲು ಹೊತ್ತವರು ನನ್ನ ಗಂಡ. ಎರಡನೇ ದಿನಕ್ಕೆ ನಮ್ಮ ಮಾತುಕತೆ ನಿಂತಿತು, ನಾಲ್ಕನೇ ದಿನ ಅವರು ಕಾರಿನ ಬೀಗದ ಕೈ ಬಚ್ಚಿಟ್ಟರು. ಆಗ ಟೀಚರ್, "ನಾನು ಕಲಿಸುತ್ತೇನೆ ಬಾ," ಎಂದರು. ನಾನು ಸಂಕೋಚದಿಂದ ಹಿಂದೆಮುಂದೆ ನೋಡಿದಾಗ ಅವರ ಭಾಷೆಯ ಒಂದು ಗಾದೆ ಹೇಳಿ ಬೆನ್ನು ತಟ್ಟಿದರು. ಒಬ್ಬರಿಗೊಬ್ಬರು ಆಗುವುದರ ಬಗ್ಗೆ ಏನೋ ಇತ್ತು.

ಮನೆಗೆ ಬಂದು ಗಂಡನಿಗೆ ಹೇಳಿದೆ. "ಅಂದ್ರೆ ನೀನೂ ಏನಾದ್ರೂ ಕಲಿಸ್ಬೇಕು ಅಂತ ಅರ್ಥ ಕಣೇ," ಎಂದರು.

ನನಗೂ ಸರಿ ಎನಿಸಿತು. ಟೀಚರನ್ನೇ ಕೇಳಿದೆ. ಅವರು ಕಣ್ಣರಳಿಸಿ, "ಯೋಗ!" ಎಂದರು. ಇಂಡಿಯಾದವಳಾದ ನನಗೆ ಯೋಗ ಬಾರದೆಂಬ ಅನುಮಾನವೇ ಅವರಿಗೆ ಬರಲಿಲ್ಲ. ನಾನು ಜೀವಮಾನದಲ್ಲಿ ಮಾಡಿದ್ದ ಒಂದೇ ಆಸನ ಚಕ್ಕಳಮಕ್ಕಳ. ಆದರೂ ದೇಶದ ಮರ್ಯಾದೆ ನೆನೆದು ಒಪ್ಪಿಕೊಂಡೆ.

ಬೆಳಿಗ್ಗೆ ಆರಕ್ಕೆ ಎದ್ದು ಯೂಟ್ಯೂಬ್ ನೋಡಿ ಕಲಿತದ್ದನ್ನು ಎಂಟಕ್ಕೆ ಅವರಿಗೆ ಕಲಿಸುತ್ತಿದ್ದೆ. ಅರವತ್ತೆಂಟರ ಅವರು ಬಳ್ಳಿಯ ಹಾಗೆ ಬಾಗುತ್ತಿದ್ದರು. ಮೂವತ್ತೆಂಟರ ನಾನು ಬಾಗುವಾಗ ಸದ್ದು ಬರುತ್ತಿತ್ತು. ಎಂಟನೇ ಪಾಠದಲ್ಲಿ ಬಗ್ಗಿದವಳು ಮೇಲೇಳಲಿಲ್ಲ. ಟೀಚರೇ ನನ್ನನ್ನು ಬಗ್ಗಿದ ಭಂಗಿಯಲ್ಲೇ ಕಾರಿಗೆ ಹಾಕಿಕೊಂಡು ಡಾಕ್ಟರ ಬಳಿಗೆ ಕರೆದೊಯ್ದರು. ಹೊಸದೊಂದು ಉಪಕಾರ ಹೆಗಲೇರಿತು.

ಡಾಕ್ಟರು ಬೆನ್ನು ಒತ್ತಿ ನೋಡಿ, ಮಾತ್ರೆ ಬರೆದು, ಬಹಳ ಗೌರವದಿಂದ ಹೇಳಿದರು: "ದಿನಾ ಸ್ವಲ್ಪ ಯೋಗ ಮಾಡಿ. ನಿಮ್ಮವರಲ್ಲೇ ಯಾರಾದರೂ ಗೊತ್ತಿರುವವರು ಇರುತ್ತಾರಲ್ಲ."

೩. ನಾಲ್ಕು ದಾರಿ ಸೇರುವಲ್ಲಿ

ಕೆಲಸಕ್ಕೆ ಇನ್ನು ಹತ್ತು ದಿನ ಇದೆ ಎನ್ನುವಾಗ ಟೆಸ್ಟಿಗೆ ಹೋದೆ. ಟೀಚರ್ ತಮ್ಮ ಕಾರನ್ನೇ ಕೊಟ್ಟು ಆಫೀಸಿನ ಒಳಗೆ ಕೂತರು. ನನ್ನ ಪಕ್ಕದಲ್ಲಿ ಟೆಸ್ಟ್ ಮಾಡುವ ಅಧಿಕಾರಿ. ದೊಡ್ಡ ಮೀಸೆ, ಸಣ್ಣ ಮಾತು.

ಎಲ್ಲ ಚೆನ್ನಾಗಿಯೇ ನಡೆಯಿತು, ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವ ಕೂಡುರಸ್ತೆ ಬರುವ ತನಕ. ಅಲ್ಲಿ ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಮೊದಲು ನಿಂತವಳು ನಾನೇ. ಅಷ್ಟರಲ್ಲಿ ಎದುರಿಗೆ ಬಂದು ನಿಂತ ಕಾರಿನಲ್ಲಿ ಯಾರು? ಮಂಗಳೂರು ಆಂಟಿ. ಹಿರಿಯರು, ಎಷ್ಟೋ ಸಲ ನನ್ನನ್ನು ದೇವಸ್ಥಾನದ ಬಾಗಿಲ ತನಕ ಬಿಟ್ಟುಬಂದವರು. ಅವರಿಗಿಂತ ಮುಂದೆ ಹೋಗುವುದು ಹೇಗೆ? ನೀವು ಹೋಗಿ ಎಂದು ಕೈ ತೋರಿಸಿದೆ. ಇಲ್ಲ, ನೀವೇ ಹೋಗಿ ಎಂದು ಆಂಟಿ ಕೈ ತೋರಿಸಿದರು. ನಾನು ಎರಡೂ ಕೈಯಲ್ಲಿ ತೋರಿಸಿದೆ. ಆಂಟಿ ಸೋತು ಹೋದರು.

ಅವರ ಹಿಂದಿದ್ದವನನ್ನು ಮಾತ್ರ ನಿಲ್ಲಿಸುವುದು ಚೆನ್ನಾಗಿರುವುದಿಲ್ಲವೆಂದು ಅವನಿಗೂ ದಾರಿ ಬಿಟ್ಟೆ. ಬಲಗಡೆಯವಳ ಕಾರಿನಲ್ಲಿ ಮಗು ಅಳುತ್ತಿತ್ತು, ಅವಳನ್ನೂ ಕಳಿಸಿದೆ. ಎಲ್ಲರೂ ನಗುತ್ತ ಕೈಬೀಸಿ ಹೋಗುತ್ತಿದ್ದರು. ಇಷ್ಟು ದಿನ ಈ ಊರಿನಿಂದ ಪಡೆದದ್ದನ್ನೆಲ್ಲ ಒಂದೇ ಕಡೆ ನಿಂತು ತೀರಿಸುತ್ತಿದ್ದೇನೆ ಎಂದು ನನಗೆ ನಿಜವಾಗಿ ಸಂತೋಷವಾಯಿತು.

ಏಳನೇ ಕಾರು ದಾಟಿದಮೇಲೆ ಅಧಿಕಾರಿ ಪೆನ್ನು ಮುಚ್ಚಿದರು. "ಮೇಡಂ, ಊರಿನವರನ್ನೆಲ್ಲ ಮನೆ ಮುಟ್ಟಿಸಿದಿರಿ. ನನ್ನನ್ನೂ ಒಂದಿಷ್ಟು ಆಫೀಸು ಮುಟ್ಟಿಸಿದರೆ ಉಪಕಾರವಾಗುತ್ತದೆ."

೪. ಸಾಕ್ಷಿ

ಫೇಲಾದ ದಿನ ನಾನು ಅತ್ತೆ. ಇಸ್ತ್ರಿ ಮಾಡಿಟ್ಟ ಬಟ್ಟೆಯ ಕಡೆ ನೋಡಲೂ ಆಗಲಿಲ್ಲ. ಮತ್ತೆ ದಿನ ಸಿಕ್ಕಿದ್ದು ಕೆಲಸ ಶುರುವಾಗುವ ಹಿಂದಿನ ಶುಕ್ರವಾರ. ಪುನಃ ಅದೇ ಮೀಸೆ. ಈ ಸಲ ಯಾರ ಮುಖವನ್ನೂ ನೋಡದೆ ಓಡಿಸಿದೆ. ಆಫೀಸಿನ ಮುಂದೆ ಕಾರು ನಿಲ್ಲಿಸಿದಾಗ ಅಧಿಕಾರಿ ತಲೆಯಾಡಿಸಿ ಏನೋ ಬರೆಯತೊಡಗಿದರು.

ಪಾಪ, ನನ್ನಂಥವಳ ಪಕ್ಕದಲ್ಲಿ ಎರಡು ಸಲ ಜೀವ ಕೈಯಲ್ಲಿ ಹಿಡಿದು ಕೂತ ಮನುಷ್ಯ. ಬರಿಗೈಯಲ್ಲಿ ಕಳಿಸುವುದೇ? ಹಿಂದಿನ ಸೀಟಿನಲ್ಲಿಟ್ಟಿದ್ದ ಚಕ್ಕುಲಿ ಪೊಟ್ಟಣ ತೆಗೆದು ಮುಂದೆ ಹಿಡಿದೆ.

ಪೆನ್ನು ನಿಂತಿತು. "ಮೇಡಂ, ಇದೇನು?"

"ಚಕ್ಕುಲಿ. ನಿಮಗೇ."

"ಬೇಡ."

ನಮ್ಮಲ್ಲಿ ಮೊದಲ ಸಲ ಬೇಡ ಎನ್ನುವುದು ಶಿಷ್ಟಾಚಾರ. ಮೂರು ಸಲ ಬಲವಂತ ಮಾಡುವುದು ಕೊಡುವವರ ಧರ್ಮ. ನಾನು ಧರ್ಮ ಬಿಡಲಿಲ್ಲ. ಮೂರನೇ ಸಲಕ್ಕೆ ಅವರು ಕಾರಿನಿಂದ ಇಳಿದು ಮೇಲಧಿಕಾರಿಯನ್ನೇ ಕರೆತಂದರು.

ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ರಿಸಲ್ಟ್ ಬರೆಯುವ ಮೊದಲೇ ಕೊಟ್ಟಿರಾ?"

ಲಂಚ ಎಂಬ ಮಾತು ಆಗ ನನ್ನ ತಲೆಗೆ ಹೊಳೆಯಿತು. ಕೆಲಸ ಹೋಯಿತು, ವೀಸಾ ಹೋಯಿತು, ಪೇಪರಿನಲ್ಲಿ ಫೋಟೋ ಬಂತು ಎಂದುಕೊಂಡೆ. "ಫೇಲ್ ಮಾಡಿದ್ರೂ ಪರವಾಗಿಲ್ಲ ಮೇಡಂ, ಚಕ್ಕುಲಿ ಮಾತ್ರ ತಗೊಳ್ಳಿ," ಎಂದು ಇಂಗ್ಲಿಷಿನಲ್ಲಿ ಹೇಗೋ ಹೇಳಿದೆ. ಅದರಿಂದ ವಿಷಯ ಇನ್ನಷ್ಟು ಕೆಟ್ಟಿತು.

ಆಕೆ ಯೋಚಿಸಿ ತೀರ್ಪು ಕೊಟ್ಟರು. ಈ ಟೆಸ್ಟು ಲೆಕ್ಕಕ್ಕಿಲ್ಲ, ಈಗಲೇ ಮತ್ತೆ ಓಡಿಸಬೇಕು, ಪಕ್ಕದಲ್ಲಿ ತಾವೇ ಕೂರುತ್ತಾರೆ. ಪೊಟ್ಟಣವನ್ನು ಮೀಸೆಯವರ ಕೈಗಿಟ್ಟು, "ಇದು ಸಾಕ್ಷಿ. ನಾನು ಬರುವ ತನಕ ಜೋಪಾನ," ಎಂದರು.

ಆ ಅರ್ಧ ಗಂಟೆ ನಾನು ಹೇಗೆ ಓಡಿಸಿದೆನೋ ದೇವರೇ ಬಲ್ಲ. ವಾಪಸ್ ಬಂದು ನಿಲ್ಲಿಸಿದ ಕೂಡಲೇ ಆಕೆ ಕಾಗದಕ್ಕೆ ಸಹಿ ಹಾಕಿ, "ಪಾಸ್," ಎಂದರು. ನನಗೆ ಕಣ್ಣು ತುಂಬಿ ಬಂತು. ಟೀಚರ್ ಓಡಿಬಂದು ತಬ್ಬಿಕೊಂಡರು.

ಮೇಲಧಿಕಾರಿ ನೇರವಾಗಿ ಸಾಕ್ಷಿಯ ಬಳಿಗೆ ಹೋದರು. ಪೊಟ್ಟಣದ ತಳದಲ್ಲಿ ಒಂದೂವರೆ ಚಕ್ಕುಲಿ ಉಳಿದಿತ್ತು. ಮೀಸೆಯ ತುಂಬ ಎಳ್ಳು.

"ಇದೇನಿದು?" ಎಂದರು ಆಕೆ.

ಅವರು ಎದ್ದು ನಿಂತು ಗಂಭೀರವಾಗಿ ಹೇಳಿದರು: "ವಿಚಾರಣೆ ಮಾಡಿದೆ ಮೇಡಂ. ಇದು ಲಂಚ ಅಲ್ಲ. ಲಂಚವಾಗಿದ್ದರೆ ಈಕೆ ಹೋದ ಸಲವೇ ಕೊಡುತ್ತಿದ್ದಳು, ನಾನೂ ಹೋದ ಸಲವೇ ಪಾಸ್ ಮಾಡುತ್ತಿದ್ದೆ."