ಹೆಂಡತಿ ಹತ್ತದ ಬಸ್ಸು

ಇಪ್ಪತ್ತು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಅನ್ನ ಸಂಪಾದಿಸಿದವನು ನಾನು. ಕಂಡಕ್ಟರನಾದವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸುತ್ತವೆ, ಹತ್ತುತ್ತವೆ, ಹತ್ತಿದ ಮೇಲೆ ಚಿಲ್ಲರೆ ಇಲ್ಲ ಎನ್ನುತ್ತವೆ.

ಇದು ಹೆದ್ದಾರಿ ಇನ್ನೂ ಅಗಲವಾಗದಿದ್ದ ಕಾಲದ ಮಾತು. ಬೈಂದೂರಿನಿಂದ ಉಡುಪಿಗೆ ಬೆಳಿಗ್ಗೆ ನಮ್ಮ ಕೆಂಪು ಬಸ್ಸು ಹೊರಡುತ್ತಿತ್ತು. ನಮಗಿಂತ ಆರು ನಿಮಿಷ ಮೊದಲು ಇನ್ನೊಬ್ಬ ಧಣಿಯ ನೀಲಿ ಬಸ್ಸು. ಆ ಆರು ನಿಮಿಷವನ್ನು ನುಂಗಿ, ಹೆಮ್ಮಾಡಿ ಬರುವುದರೊಳಗೆ ನೀಲಿಯನ್ನು ಹಿಂದೆ ಹಾಕುವುದೇ ನಮ್ಮ ಡ್ರೈವರನ ದಿನದ ಕೆಲಸ. ಅದು ತಪ್ಪಿದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೆಮ್ಮಾಡಿ ಸ್ಟಾಪು

ಡ್ರೈವರನ ಮನೆಯೂ ಹೆಮ್ಮಾಡಿಯಲ್ಲೇ. ಅವನ ಹೆಂಡತಿಗೆ ಕೋಟೇಶ್ವರದ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ. ನಾನು ಅವರನ್ನು ಅತ್ತಿಗೆ ಎಂದೇ ಕರೆಯುತ್ತಿದ್ದೆ. ದಿನಾ ಅವರು ಸ್ಟಾಪಿನಲ್ಲಿ ನಿಂತಿರುತ್ತಿದ್ದರು. ನಮ್ಮ ಬಸ್ಸು ಮೊದಲು ಬಂದು, ಬಾಗಿಲು ಸರಿಯಾಗಿ ಅವರೆದುರು ನಿಲ್ಲುತ್ತಿತ್ತು. ಅತ್ತಿಗೆ ಮಾತ್ರ ಪಕ್ಕದ ಅಂಗಡಿಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂದು ಹುಡುಕುತ್ತಿದ್ದರು. ನಾವು ಹೋದ ಮೇಲೆ ಬರುವ ನೀಲಿ ಬಸ್ಸನ್ನು ಹತ್ತುತ್ತಿದ್ದರು.

ಬಸ್ಸಿಡೀ ನೋಡುತ್ತಿತ್ತು. ಡ್ರೈವರನ ಕಿವಿ ಕೆಂಪಾಗುತ್ತಿತ್ತು. ಒಮ್ಮೆ ನಾನು ಕೆಳಗಿಳಿದು, ಸೀಟು ಖಾಲಿ ಇದೆ, ಬನ್ನಿ ಎಂದು ಕರೆದೆ. ಅತ್ತಿಗೆ ಶಾಂತವಾಗಿ ಹೇಳಿದರು:

"ನೀವ್ ಹೋಯ್ನಿ. ನಂಗ್ ಇಬ್ರ್ ಮಕ್ಳ್ ಇದ್ದೊ."

ಮೆತ್ತನೆ ಸೀಟು

ದಿನಾ ಹಿಂದೆ ಬಿದ್ದು ಸಾಕಾಗಿದ್ದ ನೀಲಿ ಬಸ್ಸಿನ ಧಣಿ ಒಂದು ದಿನ ನಮ್ಮ ಡ್ರೈವರನಿಗೆ ಹೇಳಿ ಕಳಿಸಿದರು. ಅದೇ ಟೈಮಿಗೆ ಹೊಸ ಬಸ್ಸು ಇಳಿಸಿದ್ದೇನೆ, ಕಂಡಕ್ಟರನನ್ನೂ ಕರೆದುಕೊಂಡು ನಮ್ಮಲ್ಲಿಗೆ ಬಂದುಬಿಡಿ ಎಂದು. ಎಂಟು ವರ್ಷ ಯಾವ ಬಸ್ಸನ್ನು ಸೋಲಿಸುವುದೇ ಬದುಕಾಗಿತ್ತೋ ಅದೇ ಬಸ್ಸಿಗೆ ಹೋಗುವುದೇ? ನಾನು ಖಡಾಖಂಡಿತವಾಗಿ ಬರುವುದಿಲ್ಲ ಎಂದೆ.

ಡ್ರೈವರನ ಲೆಕ್ಕಾಚಾರ ಬೇರೆಯೇ ಇತ್ತು. ಹೆಂಡತಿ ನಮ್ಮ ಬಸ್ಸು ಹತ್ತದಿರುವುದಕ್ಕೆ ಕಾರಣ ಬಸ್ಸೇ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಹಳೇ ಬಾಡಿ, ಹರಿದ ಸೀಟು, ಕಿಟಕಿಯ ಗಡಗಡ. ಹೊಸ ಬಸ್ಸಿನ ಮೆತ್ತನೆ ಸೀಟಿನಲ್ಲಿ ಅವಳು ಕೂತೇ ಕೂರುತ್ತಾಳೆ, ಕೂರಿಸದಿದ್ದರೆ ನನ್ನ ಹೆಸರೇ ಬದಲಿಸಿಬಿಡು ಎಂದ. ಅತ್ತಿಗೆ ನನಗೆ ಹೇಳಿದ ಮಾತನ್ನು ಅವನಿಗೆ ತಿಳಿಸುವ ಧೈರ್ಯ ನನಗಿರಲಿಲ್ಲ.

ಸುದ್ದಿ ಬಸ್ಸಿನೊಳಗೆ ಹಬ್ಬಿತು. ಬಿಟ್ಟು ಹೋಗಬೇಡ ಎಂದು ಮೀನು ಮಾರುವ ಅಕ್ಕಂದಿರು ಹಟ ಹಿಡಿದರು. ಅವರ ಬುಟ್ಟಿಗೆ ಜಾಗ ಕೊಡುತ್ತಿದ್ದವರು ನಾವೊಬ್ಬರೇ. ಎಲ್ಲರಿಗಿಂತ ಹೆಚ್ಚು ಕಂಗಾಲಾದವರು ಕುಂದಾಪುರದಲ್ಲಿ ಇಳಿಯುವ ಒಬ್ಬ ಮೇಷ್ಟ್ರು. ಅವರಿಗೆ ವೇಗ ಇಷ್ಟವಲ್ಲವೇ ಎಂದು ನನಗೆ ಆಶ್ಚರ್ಯ.

"ಆ ಬಸ್ಸ್ ಹೊರಡುದೇ ಆರ್ ನಿಮಿಷ ಮುಂಚೆ. ಅದ್ರ ಮೇಲೆ ಇವ್ರ್ ಓಡ್ಸುದ್ ಅಂದ್ರೆ, ಎಲ್ರಿಗಿಂತ ಮುಂಚೆ ಮುಟ್ಟಿ, ನಾಳಿಂದ ಶಾಲಿ ಬೀಗ ತೆಗುದೂ ನನ್ನ್ ತಲಿಗೇ ಕಟ್ತ್ರ್," ಎಂದರು.

ದೈವದ ಅಪ್ಪಣೆ

ಇಷ್ಟು ದೊಡ್ಡ ವಿಷಯವನ್ನು ದೈವದ ಮುಂದಿಡದೆ ತೀರ್ಮಾನ ಮಾಡುವುದು ಹೇಗೆ? ತ್ರಾಸಿಯ ಹತ್ತಿರದ ಒಂದು ದೈವಸ್ಥಾನದ ದರ್ಶನಕ್ಕೆ ಹೋದೆವು. ಅಲ್ಲಿ ದೈವ ಮೈಮೇಲೆ ಬರುವ ಪಾತ್ರಿಗಳು ಉಳಿದ ದಿನಗಳಲ್ಲಿ ಕುಂದಾಪುರದ ಹಂಚಿನ ಕಾರ್ಖಾನೆಗೆ ನಮ್ಮ ಬಸ್ಸಿನಲ್ಲೇ ಹೋಗುವವರು. ಡ್ರೈವರು ಕೈಮುಗಿದು, ಬಸ್ಸು ಬದಲಿಸಲೋ ಬೇಡವೋ ಎಂದು ಅರಿಕೆ ಮಾಡಿಕೊಂಡ.

ಮೈಮೇಲೆ ಬಂದಿದ್ದ ಪಾತ್ರಿಗಳು ಹೂಂಕರಿಸಿ, ಅಡಿಕೆ ಹೂವು ಎರಚಿ, ಹೆದರದೆ ಹೋಗು, ನಿನ್ನ ಬೆನ್ನಿಗೆ ನಾನಿದ್ದೇನೆ ಎಂದು ಅಪ್ಪಣೆ ಕೊಟ್ಟರು. ಡ್ರೈವರನ ಕಣ್ಣು ತುಂಬಿ ಬಂತು. ಪ್ರಸಾದ ಹಿಡಿದು ಎದ್ದವನನ್ನು ಮತ್ತೆ ಕರೆದು, ಯಾವ ಬಸ್ಸಾದರೂ ಎಂಟು ಗಂಟೆಗೆ ತ್ರಾಸಿ ಸ್ಟಾಪಿನಲ್ಲಿ ನಿಲ್ಲಿಸುವುದನ್ನು ಮರೆತೀಯೆ, ಜೋಕೆ ಎಂದರು. ಅಷ್ಟು ಹೇಳಿದ್ದು ದೈವವೋ ಪಾತ್ರಿಗಳೋ ಎಂದು ಕೇಳುವಷ್ಟು ದೊಡ್ಡವರು ನಾವಲ್ಲ.

ಮೊದಲ ದಿನ

ಬರುವುದಿಲ್ಲ ಎಂದಿದ್ದ ನಾನೂ ಹೋದೆ. ಅವನಿಲ್ಲದ ಬಸ್ಸಿನಲ್ಲಿ ಸೀಟಿ ಊದುವುದು ನನ್ನಿಂದಾಗದ ಮಾತು. ಹೆಂಡತಿಗೆ ಅವನು ಒಂದು ಮಾತೂ ಹೇಳಿರಲಿಲ್ಲ. ಕಂಡು ಖುಷಿಪಡಲಿ ಎಂದು. ಮುಂದಿನ ಹೆಂಗಸರ ಸೀಟನ್ನು ಬೈಂದೂರಿನಿಂದಲೇ ತನ್ನ ಹೆಗಲ ಬೈರಾಸು ಹಾಸಿ ಕಾದಿರಿಸಿದ್ದ. ಹೆಮ್ಮಾಡಿಗೆ ಹೇಗೆ ಬಂದೆವೋ ನನಗೆ ಗೊತ್ತಿಲ್ಲ, ಎರಡು ಸ್ಟಾಪು ನಿಲ್ಲಿಸಲೇ ಇಲ್ಲ.

ನೀಲಿ ಬಸ್ಸು ಕಂಡು ಅತ್ತಿಗೆ ಸೆರಗು ಸುತ್ತಿಕೊಂಡು ಮುಂದೆ ಬಂದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ಸ್ಟೇರಿಂಗಿನ ಕಡೆ ನೋಡಿದರು. ಕಾಲು ಕೆಳಗಿಳಿಸಿದರು. ಡ್ರೈವರು ಹಲ್ಲು ಕಿಸಿದು ಕೂತೇ ಇದ್ದ.

ಕೆಂಪು ಬಸ್ಸಿಗೆ ಈಗ ಯಾರು ಎಂದು ಅತ್ತಿಗೆ ನನ್ನನ್ನು ಕೇಳಿದರು. ಅರವತ್ತು ದಾಟಿದ ಅಜ್ಜ ಒಬ್ಬರನ್ನು ಹಾಕಿದ್ದಾರೆ, ಬಹಳ ನಿಧಾನ ಎಂದೆ.

"ಹಾಂಗಾರೆ ನಾ ಅದ್ರಗೆ ಬತ್ತೆ," ಎಂದು ಮತ್ತೆ ಕ್ಯಾಲೆಂಡರಿನ ಕಡೆ ತಿರುಗಿದರು.

ನಲವತ್ತು

ಹೆಂಡತಿ ಹೆದರುತ್ತಿದ್ದದ್ದು ಬಸ್ಸಿಗಲ್ಲ, ತನ್ನ ವೇಗಕ್ಕೆ ಎಂದು ಅವತ್ತು ಡ್ರೈವರನಿಗೆ ಅರ್ಥವಾಯಿತು. ಇನ್ನು ಮೇಲೆ ನಲವತ್ತು ದಾಟುವುದಿಲ್ಲ, ಅವಳು ಹತ್ತಿದ ಮೇಲೂ ದಾಟುವುದಿಲ್ಲ ಎಂದು ಸ್ಟೇರಿಂಗ್ ಮುಟ್ಟಿ ಆಣೆ ಹಾಕಿದ. ಹಾಕಿದಂತೆಯೇ ನಡೆದುಕೊಂಡ. ಮರವಂತೆಯಲ್ಲಿ ಜನ ಕಿಟಕಿಯಿಂದ ಕಡಲನ್ನು ಇಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಲೂನಾದವರು ನಮ್ಮನ್ನು ದಾಟಿ, ತಿರುಗಿ ನೋಡಿ ನಕ್ಕರು. ಹತ್ತು ದಿನಕ್ಕೆ ಬಸ್ಸು ಅರ್ಧ ಖಾಲಿಯಾಯಿತು. ಹೊಸ ಧಣಿ ಕರೆದು, ಶನಿವಾರದೊಳಗೆ ಸರಿಯಾದ ಟೈಮಿಗೆ ತರದಿದ್ದರೆ ಇಬ್ಬರೂ ಮನೆಗೆ ಎಂದರು. ನಾನು ಅವನ ಕಾಲು ಹಿಡಿಯುವುದೊಂದು ಬಾಕಿ. ಅವನು ಜಪ್ಪಯ್ಯ ಎಂದರೂ ನಲವತ್ತು ಬಿಡಲಿಲ್ಲ.

ಶನಿವಾರ ಬಂತು. ಹೆಮ್ಮಾಡಿಯಲ್ಲಿ ಬಸ್ಸು ನಿಂತಾಗ ಅತ್ತಿಗೆ ಕ್ಯಾಲೆಂಡರು ನೋಡಲಿಲ್ಲ. ನೆಟ್ಟಗೆ ಬಂದು, ಹತ್ತಿ, ಮುಂದಿನ ಸೀಟಿನಲ್ಲಿ ಕೂತರು. ನಾನು ಸೀಟಿ ಊದುವುದನ್ನೇ ಮರೆತೆ. ಕೆಲಸ ಹೋದರೆ ಹೋಗಲಿ, ಈ ಮನುಷ್ಯ ಗೆದ್ದ ಎಂದುಕೊಂಡೆ. ಡ್ರೈವರು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ತುಂಬಿದ ಕೊಡ ಹೊತ್ತವನ ಹಾಗೆ ಬಸ್ಸು ನಡೆಸತೊಡಗಿದ.

ತಲ್ಲೂರು ಬರುವಾಗ ಹಿಂದಿನಿಂದ ಹಾರನ್ನು ಕೇಳಿಸಿತು. ಅಜ್ಜನ ಕೆಂಪು ಬಸ್ಸು. ನಮ್ಮವನು ಹಲ್ಲು ಕಚ್ಚಿ, ಕೈ ಹೊರಗೆ ಹಾಕಿ, ಸೈಡು ಕೊಟ್ಟ. ಜೀವಮಾನದಲ್ಲಿ ಮೊದಲ ಸಲ. ಕೆಂಪು ಬಸ್ಸು ದಾಟುವಾಗ ಅತ್ತಿಗೆಯ ಕಾರ್ಖಾನೆಯ ಹೆಂಗಸರು ಕಿಟಕಿಯಿಂದ ಅವರಿಗೆ ಟಾಟಾ ಮಾಡಿದರು. ಒಬ್ಬಳು ಕಿಸಕ್ಕನೆ ನಕ್ಕಳು.

ಅತ್ತಿಗೆ ಕಂಬಿ ಹಿಡಿದು ಎದ್ದು ನಿಂತರು.

"ಹ್ವಾಯ್, ಆ ಅಜ್ಜ ಮುಂದ್ ಹೋದ್ರಲೆ. ನೀವ್ ಕಂಡ್ಕಂಡ್ ಕೂತ್ರಿಯಾ?"

ಡ್ರೈವರು ತೊದಲಿದ. ನಲವತ್ತರ ಆಣೆಯ ಬಗ್ಗೆ ಏನೋ ಹೇಳಲು ಹೊರಟ.

"ನಲ್ವತ್ತ್ ಮನಿಯಗ್ ಇರ್ಲಿ," ಎಂದರು ಅತ್ತಿಗೆ. "ನಾ ಆ ಹೆಂಗ್ಸ್ರಿಗ್ ಹ್ಯಾಂಗ್ ಮುಖ ತೋರ್ಸುದ್? ಒತ್ತಿನಿ."

ಟಿಕೆಟಿನ ಪುಸ್ತಕ ಜೇಬಿಗೆ ಹಾಕಿ ನಾನು ಕಂಬಿ ಹಿಡಿದುಕೊಂಡೆ. ಅವನು ಆಗಲೇ ಆಕ್ಸಿಲರೇಟರು ಒತ್ತಿಯಾಗಿತ್ತು.