ತಲೆಯಾಡಿಸಿ ಕೆಟ್ಟ ಸಂಶೋಧಕ

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಪಿಎಚ್‌ಡಿ ಗೈಡ್ ಹೇಳಿಕೊಟ್ಟ ಒಂದು ಉಪಾಯ.

"ಸಂದರ್ಶನದಲ್ಲಿ ನೀನು ಬಾಯಿ ಬಿಡಬಾರದು ಕಣಯ್ಯ. ಅವರು ಏನು ಹೇಳಿದ್ರೂ ಹೂಂ ಅನ್ನೋ ಹಾಗೆ ತಲೆ ಆಡಿಸ್ತಾ ಇರು. ಅವರ ಹೊಟ್ಟೇಲಿರೋದೆಲ್ಲ ತಾನಾಗೇ ಹೊರಗೆ ಬರುತ್ತೆ. ಸಂಜೆ ಐದರೊಳಗೆ ಒಂದು ಜಗಳದ ಪೂರ್ತಿ ಕತೆ, ಅವರ ಮಾತು ಬಳಸ್ಕೊಳ್ಳೋಕೆ ಎರಡೂ ಕಡೆಯವರು ಸಹಿ ಹಾಕಿದ ಒಪ್ಪಿಗೆ ಪತ್ರ ನನ್ನ ಮೇಜಿನ ಮೇಲಿರಬೇಕು. ಇಲ್ಲದಿದ್ರೆ ಪಿಎಚ್‌ಡಿ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕ್ತೀನಿ."

ನೆರೆಹೊರೆಯ ಜಗಳಗಳ ಬಗ್ಗೆ ನಾಲ್ಕು ವರ್ಷದಿಂದ ಸಂಶೋಧನೆ ನಡೆಸಿದ್ದ ಈ ಪುಣ್ಯಾತ್ಮ ಹುಟ್ಟಿದಾಗಿನಿಂದ ಯಾರೊಂದಿಗೂ ಜಗಳವಾಡಿದವನಲ್ಲ. ಹೇಗೋ ಒಂದು ಕಟ್ಟಡ ಪತ್ತೆಹಚ್ಚಿದ್ದ. ಕೆಳಗೆ ಟೈಲರ್ ಅಂಗಡಿ, ಮೇಲೆ ನಿವೃತ್ತ ಗಣಿತದ ಮೇಡಂ ಮನೆ. ಇಬ್ಬರಿಗೂ ಆರು ವರ್ಷದಿಂದ ಮಾತಿಲ್ಲ, ಕತೆಯಿಲ್ಲ.

ಮೊದಲು ಟೈಲರ್. ಸಂಶೋಧಕ ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದ.

"ನೋಡಿ ಸಾರ್, ಮೇಲಿನವರು ಬಟ್ಟೆ ಹಿಂಡದೇನೇ ಒಣಹಾಕ್ತಾರೆ. ನೀರೆಲ್ಲ ನಾನು ಹೊಲಿದ ಕೋಟುಗಳ ಮೇಲೆ ತೊಟ್ಟಿಕ್ಕುತ್ತೆ. ತಪ್ಪು ಅವರದ್ದೇ ಅಲ್ವಾ?"

ಸಂಶೋಧಕ ತಲೆಯಾಡಿಸಿದ.

"ಬೇಕೂ ಅಂತ್ಲೇ ಮಾಡ್ತಾರೆ, ಅಲ್ವಾ?"

ಮತ್ತೆ ಆಡಿಸಿದ. ಟೈಲರ್‌ಗೆ ಎಷ್ಟು ಸಂತೋಷವಾಯಿತೆಂದರೆ, ಸಂಶೋಧಕನ ಅಂಗಿಯಲ್ಲಿ ಜೋತಾಡುತ್ತಿದ್ದ ಗುಂಡಿಯನ್ನು ಅಲ್ಲೇ ಬಿಗಿದು ಕಳಿಸಿದ.

ಮೇಲೆ ಮೇಡಂ ಕಾಯುತ್ತಿದ್ದರು.

"ಅವನ ಮಿಷನ್ ಗಡಗಡ ಅಂತ ನನ್ನ ತಲೆಯೊಳಗೇ ಓಡ್ತಾ ಇದೆ ತಮ್ಮಾ. ಬಟ್ಟೆ ಹಿಂಡೋಕೆ ಈ ಕೈಲಿ ಶಕ್ತಿ ಎಲ್ಲಿದೆ? ಅವನಿಗೆ ಮನುಷ್ಯತ್ವ ಅನ್ನೋದೇ ಇಲ್ಲ, ಸರೀನಾ?"

ತಲೆ ಆಡಿತು.

"ಅವನ ಅಂಗಡಿ ಖಾಲಿ ಮಾಡಿಸ್ಬೇಕು, ಸರೀನಾ?"

ಸಂಶೋಧಕನಿಗೆ ದಿಗಿಲಾಯಿತು. ಆದರೆ ಗೈಡ್ ಮುಖ ನೆನಪಾಯಿತು. ತಲೆಯಾಡಿಸಿದ.

ಮೇಡಂ ಕಿಟಕಿ ತೆರೆದು ಕೆಳಕ್ಕೆ ಕೂಗಿದರು: "ಕೇಳಿಸ್ತೇನಯ್ಯಾ? ಯೂನಿವರ್ಸಿಟಿಯವರೇ ನಿನ್ನ ಅಂಗಡಿ ಖಾಲಿ ಮಾಡಿಸ್ಬೇಕು ಅಂತ ಒಪ್ಕೊಂಡಿದಾರೆ!"

ಟೈಲರ್ ಕತ್ತಿನಲ್ಲಿದ್ದ ಟೇಪಿನ ಸಮೇತ ಮೆಟ್ಟಿಲು ಹತ್ತಿ ಬಂದ. "ಅದ್ಹೇಗೆ? ತಪ್ಪು ನಿಮ್ಮದೇ ಅಂತ ಇವರು ಈಗಷ್ಟೇ ನನ್ನ ಹತ್ರ ಒಪ್ಕೊಂಡ್ರಲ್ಲ!"

ಇಬ್ಬರೂ ಸಂಶೋಧಕನ ಕಡೆ ತಿರುಗಿದರು. ಅವನಿಗೆ ತಾನು ಯಾರಿಗೆ, ಯಾವುದಕ್ಕೆ, ಎಷ್ಟು ಸಲ ತಲೆಯಾಡಿಸಿದೆ ಎಂಬುದೇ ಗೊಂದಲವಾಯಿತು. ಅಷ್ಟರಲ್ಲಿ ಎದುರುಮನೆಯಾಕೆ ಅರ್ಧ ಹೆಣೆದ ಜಡೆ ಹಿಡಿದುಕೊಂಡೇ ಹಾಜರಾದಳು.

"ಯೂನಿವರ್ಸಿಟಿಯೂ ಇಲ್ಲ, ಮಣ್ಣೂ ಇಲ್ಲ. ಇಬ್ಬರನ್ನೂ ಎತ್ತಿಕಟ್ಟಿ ಕಟ್ಟಡ ಖಾಲಿ ಮಾಡಿಸೋಕೆ ಬಂದಿರೋ ದಲ್ಲಾಳಿ ಇವನು. ಹೌದೇನ್ರೀ?"

ಕಕ್ಕಾಬಿಕ್ಕಿಯಾಗಿದ್ದ ಸಂಶೋಧಕ ಅದಕ್ಕೂ ತಲೆಯಾಡಿಸಿಬಿಟ್ಟ.

"ನೋಡಿದ್ರಾ ಅಕ್ಕಾ!" ಎಂದ ಟೈಲರ್ ಮೇಡಂ ಕಡೆ ತಿರುಗಿ. ಆರು ವರ್ಷದಲ್ಲಿ ಮೊದಲ ಸಲ ಅವರನ್ನು ಅಕ್ಕ ಎಂದಿದ್ದ. "ನಾವು ಒಂದಾಗದಿದ್ರೆ ಇಬ್ಬರೂ ಬೀದಿಗೆ ಬರ್ತೀವಿ. ಇನ್ಮೇಲೆ ನಿಮ್ಮ ಬಟ್ಟೆ ನಾನೇ ಹಿಂಡಿ ಕೊಡ್ತೀನಿ."

"ಮಧ್ಯಾಹ್ನ ನಾನು ಮಲಗೋ ಹೊತ್ತಲ್ಲಿ ಮಿಷನ್ ನಿಲ್ಲಿಸಪ್ಪಾ, ಅಷ್ಟೇ ಸಾಕು," ಎಂದರು ಮೇಡಂ, ಕಣ್ಣೊರೆಸಿಕೊಂಡು.

ಸಂಶೋಧಕ ಕೈಮುಗಿದು, ತಾನು ದಲ್ಲಾಳಿಯಲ್ಲವೆಂದು ಆಣೆ ಮಾಡಿ, ಒಪ್ಪಿಗೆ ಪತ್ರ ಮುಂದೆ ಹಿಡಿದ. ಮೇಡಂ ಕನ್ನಡಕ ಹಾಕಿಕೊಂಡು ಅದರಲ್ಲಿ ಉದ್ದಕ್ಕೆ ಏನೋ ಬರೆದು ಸಹಿ ಮಾಡಿದರು. ಟೈಲರ್ ಕೂಡ ಮಾಡಿದ. ಓದಿ ನೋಡುವಷ್ಟು ಧೈರ್ಯ ಯಾರಿಗಿತ್ತು? ಬದುಕಿದೆಯಾ ಬಡಜೀವವೇ ಎಂದು ಸಂಶೋಧಕ ಓಡಿದ.

ಐದಕ್ಕೆ ಐದು ನಿಮಿಷವಿತ್ತು. ಗೈಡ್ ಪತ್ರವನ್ನು ಗಟ್ಟಿಯಾಗಿ ಓದಿದರು: "'ನಮ್ಮಿಬ್ಬರ ನಡುವೆ ಯಾವ ಜಗಳವೂ ಇಲ್ಲ. ನಮ್ಮ ಮಾತನ್ನು ಎಲ್ಲಿಯೂ ಬಳಸಲು ಒಪ್ಪಿಗೆಯೂ ಇಲ್ಲ.' ಏನಯ್ಯ ಇದು? ಜಗಳ ಎಲ್ಲಿ?"

"ಬೆಳಿಗ್ಗೆ ಇತ್ತು ಸರ್."

ಗೈಡ್ ಕೆಂಪು ಪೆನ್ನಿನ ಮುಚ್ಚಳ ತೆಗೆದು ಪಟ್ಟಿ ಹತ್ತಿರಕ್ಕೆ ಎಳೆದುಕೊಂಡರು. "ನಾಲ್ಕು ವರ್ಷ ನೋಡಿದೆ. ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲ. ಹೆಸರು ಹೊಡೆದುಹಾಕ್ಲಾ?"

ಬೇಡ ಸರ್, ಇನ್ನೊಂದೇ ಒಂದು ಅವಕಾಶ ಕೊಡಿ ಎಂದು ಅಂಗಲಾಚಬೇಕೆಂದು ಸಂಶೋಧಕ ಬಾಯಿ ತೆರೆದ. ಆದರೆ ಮಾತು ಹೊರಡುವ ಮೊದಲೇ, ಬೆಳಗಿನಿಂದ ಅಭ್ಯಾಸವಾಗಿದ್ದ ತಲೆ ಆಡಿಯಾಗಿತ್ತು.